ಇಪ್ಪತ್ತೆರಡು ತಲೆಗಳ ಲೆಕ್ಕ

ನಮ್ಮ ಸಂಘದಲ್ಲಿ ಕಂಪ್ಯೂಟರ್, ಇಂಜಿನಿಯರಿಂಗ್ ಓದೋರೇ ಜಾಸ್ತಿ. ನಾನು "ಕೃಷಿ ಶಿಕ್ಷಣ" ಅಂದ ಕೂಡ್ಲೇ "ಅದನ್ನ ಓದೋಕೆ ಅಮೆರಿಕಾಗೆ ಬರ್ಬೇಕಿತ್ತಾ?" ಅಂತ ಕೇಳ್ತಾರೆ. ಅದಕ್ಕೇ ನಾನು ಮಾಡ್ತಿರೋ ಕೆಲಸದ ಬಗ್ಗೆ ಸ್ವಲ್ಪ ಬರೀತಿದೀನಿ.

ಇಲ್ಲಿನ ಎಷ್ಟೋ ಹೈಸ್ಕೂಲುಗಳಲ್ಲಿ ಗಣಿತ, ವಿಜ್ಞಾನದ ಹಾಗೆ ಕೃಷಿಯೂ ಒಂದು ವಿಷಯ. ಅದರಲ್ಲಿ ಮೂರು ಭಾಗ: ತರಗತಿಯ ಪಾಠ, 1928ರಲ್ಲಿ ಶುರುವಾದ ಎಫ್‌ಎಫ್‌ಎ ಅನ್ನೋ ವಿದ್ಯಾರ್ಥಿ ಸಂಘಟನೆಯ ಚಟುವಟಿಕೆ, ಮತ್ತು ವಿದ್ಯಾರ್ಥಿ ತಾನೇ ನಡೆಸಿ ಲೆಕ್ಕ ಬರೆದಿಡಬೇಕಾದ ಒಂದು ಪ್ರಾಜೆಕ್ಟ್. ಈ ವಿಷಯ ಕಲಿಸೋ ಲೈಸೆನ್ಸ್ ಬೇಕಿದ್ರೆ ಒಂದು ಸೆಮಿಸ್ಟರ್ ಅನುಭವಿ ಟೀಚರ್ ಜೊತೆ ಸ್ಟೂಡೆಂಟ್ ಟೀಚರ್ ಆಗಿರಬೇಕು. ನನಗೆ ಸಿಕ್ಕಿದ್ದು ವಿಸ್ಕಾನ್ಸಿನ್‌ನ ಒಂದು ಸಣ್ಣ ಊರಿನ ಶಾಲೆ. ಸೇರಿದ ಐದನೇ ವಾರಕ್ಕೇ ಮ್ಯಾಡಿಸನ್‌ನ ವರ್ಲ್ಡ್ ಡೈರಿ ಎಕ್ಸ್‌ಪೋಗೆ ಪ್ರವಾಸ. 22 ಮಕ್ಕಳು, ಒಂದು ಹಳದಿ ಬಸ್ಸು, ಟೀಚರ್ ಮತ್ತು ನಾನು.

ಪ್ರವಾಸ ಅಂದ್ರೆ ಮೊದಲು ಕಾಗದ. ಪೋಷಕರ ಒಪ್ಪಿಗೆ ಪತ್ರ, ತುರ್ತು ಫೋನ್ ನಂಬರ್, ಯಾರಿಗೆ ಯಾವ ಅಲರ್ಜಿ, ಯಾರು ಯಾವ ಮಾತ್ರೆ ತಗೋತಾರೆ, ಎಲ್ಲಾ ನನ್ನ ಫೈಲಿನಲ್ಲಿ. ಬಸ್ ಹತ್ತಿದಾಗ, ಇಳಿದಾಗ, ಊಟಕ್ಕೆ ಮುಂಚೆ, ಊಟ ಆದ್ಮೇಲೆ ತಲೆ ಎಣಿಸೋದು. ಫೋನಲ್ಲಿ ಅಮ್ಮ ಇದನ್ನ ಕೇಳಿ, "ನೀನು ಮೇಷ್ಟ್ರಾ, ಕಂಡಕ್ಟರಾ?" ಅಂದ್ರು.

ಎಕ್ಸ್‌ಪೋ ನಡೆಯುತ್ತಿರೋದು 1967ರಿಂದ. ಬಣ್ಣ ಹಾಕಿದ ಮರದ ಹೊಟ್ಟು ಹಾಸಿದ ಅಂಗಳದಲ್ಲಿ ಹಸುಗಳನ್ನ ನಿಧಾನವಾಗಿ ನಡೆಸ್ತಾರೆ. ಹೊರಗೆ ಯೂನಿವರ್ಸಿಟಿಯ ಬ್ಯಾಡ್ಜರ್ ಡೈರಿ ಕ್ಲಬ್ ಹುಡುಗರು ಗ್ರಿಲ್ಡ್ ಚೀಸ್ ಸ್ಯಾಂಡ್‌ವಿಚ್ ಮಾರ್ತಾರೆ, ಅದಕ್ಕೆ ದೊಡ್ಡ ಸಾಲು. ಜಿಕೆವಿಕೆಯ ಕೃಷಿ ಮೇಳ ನೋಡಿ ಬೆಳೆದ ನನಗೆ ಆ ಗದ್ದಲ ಹೊಸದೇನಲ್ಲ.

ಹೊರಡೋ ಮುಂಚೆ ಟೀಚರ್ ನನ್ನನ್ನ ಪಕ್ಕಕ್ಕೆ ಕರೆದು ಒಬ್ಬ ಹುಡುಗನ ಬಗ್ಗೆ ಹೇಳಿದ್ರು. ಅವನ ಮನೆಯವರು ಆಗಸ್ಟ್‌ನಲ್ಲಿ ಅಷ್ಟೂ ಹಸು ಮಾರಿಬಿಟ್ಟಿದ್ರು. ಅದು ಅವನೊಬ್ಬನ ಮನೆ ಕಥೆಯಲ್ಲ. 2004ರಲ್ಲಿ ವಿಸ್ಕಾನ್ಸಿನ್‌ನಲ್ಲಿ 15,000ಕ್ಕೂ ಹೆಚ್ಚು ಹೈನು ಫಾರ್ಮ್‌ಗಳಿದ್ದವು, 2024ರ ಹೊತ್ತಿಗೆ 6,000ಕ್ಕಿಂತ ಕಡಿಮೆ. ಆದ್ರೆ ಅಂಕಿ ಗೊತ್ತಿರೋದು ಬೇರೆ, ಆ ಮನೆಯ ಹುಡುಗನನ್ನ ಸಾವಿರಾರು ಹಸುಗಳ ಮಧ್ಯೆ ಕರ್ಕೊಂಡು ಹೋಗೋದು ಬೇರೆ.

ಎಲ್ಲರೂ ಪಟ್ಟಿ ಹಿಡಿದು ಓಡಾಡ್ತಿದ್ರೆ ಅವನು ಒಂದು ಹೋಲ್‌ಸ್ಟೀನ್ ಹಸು ಮುಂದೆ ನಿಂತುಬಿಟ್ಟಿದ್ದ. ನಾನೂ ಹೋಗಿ ಪಕ್ಕದಲ್ಲಿ ನಿಂತೆ. ಎಲ್ಲಾ ಸರಿಹೋಗುತ್ತೆ ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ. ದೊಡ್ಡಬಳ್ಳಾಪುರದ ಹತ್ತಿರದ ನಮ್ಮೂರಿಗೆ ಟ್ರ್ಯಾಕ್ಟರ್ ಬಂದ ವರ್ಷ ತಾತ ಹಳ್ಳಿಕಾರ್ ಜೋಡಿ ಮಾರಿದ್ರು. ಆಮೇಲೆ ಎಷ್ಟೋ ದಿನ ಅವರು ಕೊಟ್ಟಿಗೆ ಕಡೆ ತಲೆ ಹಾಕಲಿಲ್ಲ. ಅದಕ್ಕೇ ಇಷ್ಟೇ ಕೇಳಿದೆ: "ಈ ಹಸುವಿನಲ್ಲಿ ಏನು ನೋಡ್ತಿದ್ದೀಯ? ನನಗೂ ಹೇಳಿಕೊಡು."

ಸ್ವಲ್ಪ ಹೊತ್ತು ಸುಮ್ಮನಿದ್ದು ಶುರು ಮಾಡಿದ. ನೂರು ಅಂಕದಲ್ಲಿ 40 ಕೆಚ್ಚಲಿಗೇ, 20 ಹಿಂಗಾಲು, ಗೊರಸಿಗೆ. ಕೆಚ್ಚಲು ಹೊಟ್ಟೆಗೆ ಹೇಗೆ ಕೂಡಿಕೊಂಡಿರಬೇಕು, ನಡೆಯುವಾಗ ಕಾಲು ಹೇಗೆ ಊರಬೇಕು, ಎಲ್ಲಾ ಬೆರಳು ಮಾಡಿ ತೋರಿಸಿದ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ನಮ್ಮವರು ಹಲ್ಲು ಎಣಿಸ್ತಾರೆ, ಸುಳಿ ನೋಡ್ತಾರೆ, ನಡಿಗೆ ನೋಡ್ತಾರೆ ಅಂತ ನಾನು ಹೇಳಿದೆ. "ಸುಳಿ ಅಂದ್ರೆ ಮೈಮೇಲಿನ ಕೂದಲಿನ ಸುತ್ತಾ? ಅದಕ್ಕೂ ಬೆಲೆ ಕಟ್ತಾರಾ?" ಅಂತ ಆವತ್ತು ಮೊದಲ ಸಲ ನಕ್ಕ.

ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಬಂದು ಕೂತ. "ನನ್ನ ಪ್ರಾಜೆಕ್ಟ್ ನಮ್ಮ ಹಸುಗಳದ್ದೇ ಆಗಿತ್ತು. ಈಗ ನಾನು ಎಫ್‌ಎಫ್‌ಎ ಬಿಡ್ಬೇಕಾ?" ಅಂದ. ಬೆಳಿಗ್ಗೆಯಿಂದ ಅವನನ್ನ ಕೊರೀತಿದ್ದದ್ದು ಇದು. ಬಿಡಬೇಕಾಗಿಲ್ಲ. ಸ್ವಂತ ದನ, ಸ್ವಂತ ಜಮೀನು ಇರಲೇಬೇಕು ಅಂತಿಲ್ಲ, ಬೇರೆಯವರ ಫಾರ್ಮ್‌ನಲ್ಲಿ ಸಂಬಳಕ್ಕೆ ದುಡಿದ ಗಂಟೆಗಳನ್ನೂ ಪ್ರಾಜೆಕ್ಟ್ ಅಂತ ಬರೀಬಹುದು. ಮುಂದಿನ ಸೀಟಿನಿಂದ ಟೀಚರ್ ತಿರುಗಿ, ಹಾಲು ಕರೆಯೋಕೆ ಆಳು ಹುಡುಕ್ತಿರೋ ಪಕ್ಕದ ಫಾರ್ಮ್‌ನವರ ವಿಷಯ ಹೇಳಿದ್ರು.

ಮೇಲ್ವಿಚಾರಣೆ ಅಂದ್ರೆ ಒಬ್ಬರೂ ಕಳೆದುಹೋಗದ ಹಾಗೆ ನೋಡಿಕೊಳ್ಳೋದು ಅಂತ ಆವರೆಗೆ ನಾನು ಅಂದ್ಕೊಂಡಿದ್ದೆ. ಅದು ಸರಿಯೇ. ಆದ್ರೆ 22 ತಲೆ ಸರಿಯಾಗಿ ಸಿಕ್ಕಿದ್ರೂ ಒಬ್ಬ ಒಳಗೊಳಗೇ ದೂರ ಹೋಗ್ತಿರಬಹುದು, ಅದು ಎಣಿಕೆಗೆ ಸಿಗಲ್ಲ.

ನಿಮ್ಮಲ್ಲೂ ಎಷ್ಟೋ ಜನ ಟಿಎ ಆಗಿದ್ದೀರಿ, ಮುಂದೆ ಮಕ್ಕಳನ್ನ ಎಲ್ಲಾದರೂ ಕರ್ಕೊಂಡು ಹೋಗೋರಿದ್ದೀರಿ. ಫೈಲ್ ಮರೀಬೇಡಿ, ತಲೆ ಎಣಿಸೋದು ಬಿಡಬೇಡಿ. ಬಸ್ಸಿನಲ್ಲಿ ನಿಮ್ಮ ಪಕ್ಕದ ಸೀಟಲ್ಲಿ ಮಾತ್ರ ಬ್ಯಾಗ್ ಇಡಬೇಡಿ.