ಚರ್ಮವಿಲ್ಲದ ಚರ್ಮದ ವಾಸನೆ

ರಜೆಗೆ ಬಂದ ಮಗ ಈ ಸಲ ನನಗೊಂದು ಸೆಂಟಿನ ಬಾಟಲಿ ತಂದುಕೊಟ್ಟ. ಪ್ಯಾರಿಸ್ಸಿನ ಹರ್ಮೆಸ್ ಕಂಪನಿಯದು. ಹೆಸರು ‘ಬೆಲ್ ಆಮಿ’, ಅಂದರೆ ಚೆಲುವ ಗೆಳೆಯ. 1986ರಿಂದ ಗಂಡಸರಿಗಾಗಿ ಮಾರುತ್ತಿದ್ದಾರಂತೆ. ಬೆಲೆಯ ಚೀಟಿಯನ್ನು ಜಾಣತನದಿಂದ ಮೊದಲೇ ಕಿತ್ತುಹಾಕಿದ್ದ. ಮೊಮ್ಮಗಳು ಮೂಸಿ ನೋಡಿ, “ತಾತಾ, ಮೊದಲು ಏಲಕ್ಕಿ, ಆಮೇಲೆ ಹೊಸ ಬೂಟಿನ ಅಂಗಡಿ! ಇದಕ್ಕೆ ಯಾವ ಪ್ರಾಣಿಯ ಚರ್ಮ ಹಾಕಿದ್ದಾರೆ?” ಎಂದಳು.

ಏಲಕ್ಕಿಯೇನೋ ಸರಿ, ಅದರ ತವರು ನಮ್ಮ ಪಶ್ಚಿಮ ಘಟ್ಟ. ಆದರೆ ಇಂಥ ಸೆಂಟುಗಳಲ್ಲಿ ಚರ್ಮ ಇರುವುದಿಲ್ಲ. ಬರ್ಚ್ ಮರದ ತೊಗಟೆಯನ್ನು ಸುಟ್ಟು ಇಳಿಸಿದ ಹೊಗೆವಾಸನೆಯ ಎಣ್ಣೆ, ಕೆಲವು ಮರಗಳ ಅಂಟು, ಪ್ರಯೋಗಾಲಯದಲ್ಲಿ ತಯಾರಾದ ಒಂದೆರಡು ರಾಸಾಯನಿಕ, ಇವೆಲ್ಲ ಸೇರಿ ಮೂಗಿಗೆ ಚರ್ಮ ಎನ್ನಿಸುತ್ತವೆ.

ಹಿಂದೆ ಇದು ತಿರುಗುಮುರುಗಾಗಿತ್ತು. ಫ್ರಾನ್ಸಿನ ದಕ್ಷಿಣದಲ್ಲಿ ಗ್ರಾಸ್ ಎಂಬ ಊರಿದೆ. ಅಲ್ಲಿನವರ ಕಸುಬು ಚರ್ಮ ಹದ ಮಾಡುವುದು. ಸುಮಾರು 16ನೇ ಶತಮಾನದಲ್ಲಿ ಶ್ರೀಮಂತರ ಕೈಗವಸುಗಳ ನಾತ ಮುಚ್ಚಲು ಅವಕ್ಕೆ ಹೂವಿನ ಪರಿಮಳ ಹಚ್ಚತೊಡಗಿದರು. ಬರಬರುತ್ತ ಚರ್ಮದ ಕೆಲಸ ಕಡಿಮೆಯಾಯಿತು, ಪರಿಮಳ ಉಳಿಯಿತು. ಇವತ್ತು ಗ್ರಾಸ್ ಸುಗಂಧಕ್ಕೇ ಲೋಕಪ್ರಸಿದ್ಧ. ಹರ್ಮೆಸ್ ಕೂಡ 1837ರಲ್ಲಿ ಶುರುವಾದದ್ದು ಕುದುರೆಯ ಲಗಾಮು, ಸರಂಜಾಮು ಹೊಲಿಯುವ ಕಾರ್ಖಾನೆಯಾಗಿ. ಮುಚ್ಚಿಡಬೇಕಾಗಿದ್ದ ವಾಸನೆಯೇ ಈಗ ಬಾಟಲಿಯಲ್ಲಿ ಕೂತು ದುಬಾರಿಯಾಗಿದೆ.

ಇದನ್ನೆಲ್ಲ ಅವಳಿಗೆ ಹೇಳುತ್ತಿದ್ದಂತೆ ನನಗೆ ನೆನಪಾದದ್ದು ಬ್ಯಾಂಕಿನ ಕೌಂಟರು. ಸಣ್ಣ ಊರಿನ ಶಾಖೆಯಲ್ಲಿ ನಾನು ಕ್ಯಾಶ್ ನೋಡಿಕೊಳ್ಳುತ್ತಿದ್ದಾಗ, ಚಪ್ಪಲಿ ಹೊಲಿಯುವ ಹಿರಿಯರೊಬ್ಬರು ವಾರಕ್ಕೊಮ್ಮೆ ದುಡ್ಡು ಕಟ್ಟಲು ಬರುತ್ತಿದ್ದರು. ಚರ್ಮವನ್ನೂ ತಾವೇ ತಂಗಡಿ ತೊಗಟೆಯಲ್ಲಿ ನೆನೆಹಾಕಿ ಹದ ಮಾಡುತ್ತಿದ್ದರು. ಅವರು ಒಳಗೆ ಕಾಲಿಟ್ಟರೆ ಸಾಲಿನಲ್ಲಿದ್ದ ಕೆಲವರ ಕರವಸ್ತ್ರ ಮೂಗಿಗೇರುತ್ತಿತ್ತು. ಅವರೇ ಹಿಂದೆ ಸರಿದು, “ಎಲ್ಲರದೂ ಆಗಲಿ ಸ್ವಾಮಿ, ನಂದು ಕಡೇಲಿ ನೋಡಿ” ಎನ್ನುತ್ತಿದ್ದರು. ನಾನು, “ಯಜಮಾನರೇ, ನಿಮ್ಮ ಸರದಿ ಬಂದಾಗ ನೀವು ಬನ್ನಿ” ಎಂದು ಕರೆಯುತ್ತಿದ್ದೆ. ಮಡಚಿದ ನೋಟುಗಳಿಗೂ ಅದೇ ವಾಸನೆ. ಎಣಿಸಿ ಡ್ರಾಯರಿಗೆ ಹಾಕಿದರೆ ಉಳಿದ ನೋಟುಗಳ ಜೊತೆ ಅವೂ ಲೆಕ್ಕಕ್ಕೆ ಸೇರುತ್ತಿದ್ದವು.

ಕೆಲವು ವರ್ಷ ಹಾಗೆ ಕೂಡಿಟ್ಟು ಮಗಳನ್ನು ಟೀಚರ್ ಟ್ರೈನಿಂಗಿಗೆ ಸೇರಿಸಿದರು. ಫೀಸಿಗೆಂದು ಹಣ ತೆಗೆದ ದಿನ ಪಾಸ್‌ಬುಕ್ಕಿನಲ್ಲಿ ಹೆಚ್ಚೇನೂ ಉಳಿದಿರಲಿಲ್ಲ, ಮುಖದಲ್ಲಿ ಮಾತ್ರ ನಗು ತುಂಬಿತ್ತು.

ಸೆಂಟು ಚೆನ್ನಾಗಿದೆ, ಮದುವೆ ಮುಂಜಿಗೆ ಹೋಗುವಾಗ ಹಾಕಿಕೊಳ್ಳುತ್ತೇನೆ. ಪಕ್ಕದಲ್ಲಿ ಕೂತವರು “ಏನು ಪರಿಮಳ ಸಾರ್!” ಎನ್ನುತ್ತಾರೆ. ಚರ್ಮವೇ ಇಲ್ಲದ ಚರ್ಮದ ವಾಸನೆಗೆ ಇಷ್ಟು ಮರ್ಯಾದೆ. ನಿಜವಾದ ಚರ್ಮವನ್ನು ಹದ ಮಾಡಿ, ನಮ್ಮ ಕಾಲಿಗೆ ಮುಳ್ಳು ಚುಚ್ಚದಂತೆ ಕಾಪಾಡಿದ ಕೈಗಳಿಗೆ ಅದರಲ್ಲಿ ಅರ್ಧದಷ್ಟಾದರೂ ಸಲ್ಲಬೇಡವೇ?