ಶಾಂಘೈದಾಗ ಛತ್ರಿ ಮ್ಯಾಲಿನ ಕನ್ಯಾ-ವರ

ಶಾಂಘೈಗೆ ಹೋಗಿ ನಾಕು ದಿನ ಆದ್ರೂ ಒಂದು ಫೋಟೋ ಕಳಿಸಲಿಲ್ಲ ಅಂತ ವೈನಿಯವರು, ಮೌಶಿ, ಬಾಜೂಮನಿ ಅಕ್ಕಾರು ಎಲ್ಲಾರೂ ಸಿಟ್ಟಾಗಿದ್ರಂತ. ತಪ್ಪು ನಂದಲ್ರೀ. ಮಗಳ ಮನಿ ವೈಫೈದಾಗ ವಾಟ್ಸಾಪ್ ನಡಿಯಂಗಿಲ್ಲ, ಗೂಗಲ್ಲೂ ಇಲ್ಲ. ಈಗ ಊರಿಗೆ ಬಂದು, ಅರಿಬಿ ಒಗದು ಹಾಕಿ, ಕೂತು ಬರಿಯಾಕತ್ತೀನಿ.

ದೀಪಾವಳಿ ಮುಗಿಸಿಕೊಂಡು ಹೊಂಟಿದ್ವಿ. ಇವರಿಗೆ 68, ನನಗ 62. ಸಿಂಗಾಪುರದಾಗ ವಿಮಾನ ಬದಲಿಸಿ ಪುಡೋಂಗ್‌ನ್ಯಾಗ ಇಳಿಯೋದ್ರಾಗ ಕಾಲು ಬಾತು ಚಪ್ಪಲಿ ಹಿಡೀಲಿಲ್ಲ. ಅಲ್ಲಿ ಗಡಿಯಾರ ನಮಗಿಂತ ಎರಡೂವರಿ ತಾಸು ಮುಂದ. ಮುಂಜಾನೆ ಆರಕ್ಕ ಮಗಳು ಚಹಾ ಕೊಟ್ರ ನಮ್ಮ ಹೊಟ್ಟಿಗೆ ಇನ್ನೂ ಮೂರೂವರಿ.

ಮರುದಿನ ಅಕಿ ಆಫೀಸಿಗೆ ಹೋಗೋಕಿಂತ ಮೊದಲ ನನ್ನ ಫೋನಿನ್ಯಾಗ ಅಲಿಪೇ ಹಾಕಿಕೊಟ್ಟಳು. ಅಲ್ಲೆ ಎಲ್ಲಾ ಫೋನಿನ ಮ್ಯಾಲೆ ನಡೀತದ. ಇವರ ಫೋನ್ ಹಳೇದು, ಅದರಾಗ ಅದು ಕೂಡಲಿಲ್ಲ. 38 ವರ್ಷ ಮನಿ ರೊಕ್ಕ ಇವರ ಕಿಸೇದಾಗಿತ್ತು. ಶಾಂಘೈದಾಗ ಎರಡು ಬಾಳಿಹಣ್ಣು ತಗೋಬೇಕಂದ್ರೂ ನನ್ನ ಮುಖ ನೋಡಬೇಕಾತು. ನಾ ಏನೂ ಅನ್ನಲಿಲ್ಲ. ಖುಷಿ ಆಗಿತ್ತು ಅನ್ನೋದನ್ನ ನೀವೂ ಇವರ ಮುಂದ ಹೇಳಬ್ಯಾಡ್ರಿ.

ಮೆಟ್ರೋದಾಗ ಪ್ರತಿ ಸಲ ಚೀಲ ಮಷಿನ್ಯಾಗ ಹಾಯಿಸಬೇಕು. ನನ್ನ ಚೀಲದಾಗ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಬಿಸಿನೀರಿನ ಬಾಟ್ಲಿ. ನೀರಿಗೆ ಮಾತ್ರ ಚಿಂತಿ ಇಲ್ರೀ, ಆ ಮಂದಿ ನಮ್ಮ ಹಂಗ ಬಿಸಿನೀರ ಕುಡಿಯೋವರು. ತಳದಾಗ ಮಡಚಿದ ಒಂದು ಕಾಗದಾನೂ ಇತ್ತು. ಅದರ ಮಾತು ಆಮ್ಯಾಲೆ. ಗಾಡಿ ಹತ್ತಿದ ಕೂಡಲೆ ಒಬ್ಬ ಹುಡುಗಿ ಎದ್ದು ಜಾಗಾ ಬಿಟ್ಟು “ಆಯಿ” ಅಂದಳು. ಎದಿ ಝಲ್ ಅಂತು. ನಮ್ಮ ಅಜ್ಜಿಗೆ ನಾವು ಕರೀತಿದ್ದ ಹೆಸರು ಇಲ್ಲಿ ಹೆಂಗ ಬಂತು? ಸಂಜೀಕ ಮಗಳು ಹೇಳಿದಳು, ಚೀನೀ ಭಾಷಾದಾಗ ‘ಆಯಿ’ ಅಂದ್ರ ಮೌಶಿ, ದೊಡ್ಡ ಹೆಣ್ಣಮಕ್ಕಳಿಗೆಲ್ಲಾ ಹಂಗ ಅಂತಾರ.

ಹ್ವಾಂಗ್‌ಪು ನದಿ ದಂಡಿ ಮ್ಯಾಲಿನ ದೀಪಾ, 632 ಮೀಟರಿನ ಶಾಂಘೈ ಟವರ್ ಎಲ್ಲಾ ನೋಡಿದ್ವಿ. ಕತ್ತು ನೋವಾತು. ಅದನ್ನ ಫೋಟೋದಾಗ ನೋಡಕೋರಿ.

ಶನಿವಾರ ಮಗಳಿಗೆ ಕೆಲಸ ಇತ್ತು. ನಾವಿಬ್ಬರ ಪೀಪಲ್ಸ್ ಪಾರ್ಕಿಗೆ ಹೋದ್ವಿ. ಮೆಟ್ರೋ ನಿಲ್ದಾಣಕ್ಕ ಎಷ್ಟು ಬಾಗಲಾ ಅಂದ್ರ ಹೊರಗ ಬರಾಕ ಅರ್ಧಾ ತಾಸು ಹಿಡೀತು. ಒಳಗ ಇವರು ಚೀನೀ ಚದುರಂಗ ಆಡೋ ಮುದುಕರ ಬೆನ್ನ ಹಿಂದ ನಿಂತು ಬಿಟ್ಟರು. ನಾ ಮುಂದ ಹ್ವಾದೆ. ಮಳಿ ಇಲ್ಲ, ಬಿಸಿಲಿಲ್ಲ, ಆದ್ರ ದಾರಿಗುಂಟ ನೂರಾರು ಛತ್ರಿ ಬಿಚ್ಚಿ ನೆಲದ ಮ್ಯಾಲೆ ಇಟ್ಟಾರ! ಒಂದೊಂದು ಛತ್ರಿಗೂ ಒಂದು ಕಾಗದ ಹಚ್ಯಾರ, ಹಿಂದ ಒಬ್ಬ ಅವ್ವ ಇಲ್ಲಾ ಅಪ್ಪ ಕೂತಾರ. ಹುಟ್ಟಿದ ವರ್ಷ, ಎತ್ತರ, ಓದು, ಪಗಾರ, ಸ್ವಂತ ಮನಿ ಅದನೋ ಇಲ್ಲೋ. ಶನಿವಾರ-ರವಿವಾರ ಇಲ್ಲೆ ಮಕ್ಕಳ ಮದವಿ ಸಂತಿ. ಮಕ್ಕಳು ಮಾತ್ರ ಯಾರೂ ಇಲ್ಲ.

ನಿಂತು ನೋಡಾಕತ್ತಿದ್ದೆ. ನನ್ನ ವಯಸ್ಸಿನಾಕಿ ಒಬ್ಬಳು ಕೈ ಹಿಡದು ಸ್ಟೂಲಿನ ಮ್ಯಾಲೆ ಕೂಡಿಸಿದಳು. ಅಕಿ ತನ್ನ ಫೋನಿಗೆ ಚೀನೀ ಮಾತಾಡಿದ್ರ ಪರದಾ ಮ್ಯಾಲೆ ಇಂಗ್ಲಿಷ್ ಬರತಿತ್ತು. ಮಗಾನೋ, ಮಗಳೋ? ಮಗಳು, 1991, ಅಂದೆ. ಅಕಿ ಬೆರಳ ಎಣಿಸಿ “ಯಾಂಗ್” ಅಂತ ಹಲ್ಲು ಕಚ್ಚಿದಳು. ಯಾಂಗ್ ಅಂದ್ರ ಕುರಿ. ಕುರಿ ವರ್ಷದಾಗ ಹುಟ್ಟಿದ ಹೆಣ್ಣಿನ ನಸೀಬ ಛಲೋ ಇರಂಗಿಲ್ಲ ಅಂತ ಅಲ್ಲಿ ಕೆಲವರು ನಂಬತಾರಂತ. ನನಗ ನಗು ಬಂತು, ಕಣ್ಣಾಗ ನೀರೂ ಬಂತು. ನನ್ನ ಮಗಳದು ಆಶ್ಲೇಷಾ ನಕ್ಷತ್ರ. ಅತ್ತಿಗೆ ಆಗಂಗಿಲ್ಲಂತ ಎಷ್ಟು ಮನಿ ತಿರುಗಿ ಹೋದ್ವು ಅನ್ನೋದು ನಿಮಗೆಲ್ಲಾ ಗೊತ್ತು. ಇಲ್ಲಿ ಅತ್ತಿ ಕಾಟ, ಅಲ್ಲಿ ಕುರಿ ಕಾಟ.

ಅಕಿ ಮಗಳದು 1989. ದೊಡ್ಡ ಓದು, ಸ್ವಂತ ಮನಿ. “ಮಗಳು ಒಪ್ಯಾಳೇನು?” ಅಂತ ಕೇಳಿದೆ. ಪರದಾ ಮ್ಯಾಲೆ ಬಂತು: ನಾ ಇಲ್ಲೆ ಬರೋದು ಅವಳಿಗೆ ಗೊತ್ತಿಲ್ಲ.

ಆಮ್ಯಾಲೆ ನನಗ ಅಲ್ಲೆ ಕೂಡೂದಾಗಲಿಲ್ಲ. ಚೀಲದ ತಳದಾಗ ಮಡಚಿಟ್ಟದ್ದು ನನ್ನ ಮಗಳ ಬಯೋಡಾಟಾ. ಅದರ ಒಂದು ಪ್ರತಿ ಹುಬ್ಬಳ್ಳಿಯ ಒಂದು ವಧೂವರ ಕೇಂದ್ರದಾಗ ಆರು ತಿಂಗಳಿಂದ ಅದ. ಅಕಿಗೆ ಹೇಳಿಲ್ಲ, ಇವರಿಗೂ ಹೇಳಿಲ್ಲ. ಅದರಾಗ ಆಶ್ಲೇಷಾ ತಗದು ಪುಷ್ಯ ಅಂತ ನಾನ ಬರಸೀನಿ.

ರಾತ್ರಿ ಊಟಕ್ಕ ಅನ್ನ-ಸಾರು ಮಾಡಿದ್ದೆ. “ಎಲ್ಲಿ ಹೋಗಿದ್ರವ್ವಾ ಇವತ್ತು?” ಅಂದಳು. ಛತ್ರಿ ಸುದ್ದಿ ಹೇಳಿದೆ. ಅಕಿ ನಕ್ಕು, “ನಂದೂ ಒಂದು ಛತ್ರಿ ಇಟ್ಟ ಬಂದೀಯೇನು ಮತ್ತ?” ಅಂದಳು. ಇವರೂ ನಕ್ಕರು. ನಾ ಎದ್ದು ಚೀಲದಾಗಿನ ಕಾಗದ ತಂದು ಅಕಿ ತಾಟಿನ ಬಾಜೂಕ ಇಟ್ಟೆ. ಹುಬ್ಬಳ್ಳಿ ಮಾತೂ ಹೇಳಿದೆ. ಇವರು ಸುಮ್ಮನ ಸಾರು ಹಾಕ್ಕೊಂಡ್ರು. ಅಕಿ ಎರಡ ಸಲ ಓದಿದಳು. ನಾ ಬೈಗಳಕ್ಕ ತಯಾರಾಗಿ ಕೂತಿದ್ದೆ.

“ಎತ್ತರ ತಪ್ಪು ಬರದೀ. ಐದು ಅಡಿ ಎರಡು ಇಂಚು,” ಅಂದಳು. ಪೆನ್ನು ತಂದು ಅದನ್ನ ತಿದ್ದಿದಳು. ಪುಷ್ಯ ಹೊಡದು ಆಶ್ಲೇಷಾ ಅಂತ ಬರದಳು. ಕಾಗದ ನನಗ ತಿರುಗಿ ಕೊಡಲಿಲ್ಲ, ಹರೀಲೂ ಇಲ್ಲ. ತನ್ನ ಲ್ಯಾಪ್‌ಟಾಪಿನ ಕೆಳಗಿಟ್ಟು, “ನಾಳೆ ರವಿವಾರ ನನಗೂ ಸೂಟಿ. ದೋಣಿ ಹತ್ತಿ ನದಿ ದಾಟೋಣು, ಎರಡ ಯುವಾನು ಅಷ್ಟ. ಅವ್ವನ ಕಡೆ ರೊಕ್ಕ ಇಸಗೋರಿ ಅಪ್ಪಾ,” ಅಂದಳು.