“ಏನೂ ಮಾಡಲ್ಲ, ಬಾ”

(1)
ಫೋಟೊದಲ್ಲಿರೋ ಬಾಗಿಲು ಆನಗೋಡಿನ ನಮ್ಮನೇದು. ಕಟ್ಟೆ ಕೆಳಗೆ ಒಂದು ಸೊಟ್ಟ ತಟ್ಟೆ ಕಾಣ್ತಿದೆಯಲ್ಲ, ಅದು ನಾಯಿದು. ರಾತ್ರಿ ಉಳಿದ ಅನ್ನ, ಮುದ್ದೆ, ಒಣಗಿದ ರೊಟ್ಟಿ ಎಲ್ಲಾ ಅದಕ್ಕೆ ಬೀಳುತ್ತೆ. ಹಾಕೋಳು ನಮ್ಮವ್ವ. ನಮ್ಮ ಬೀದಿಯಲ್ಲಿ ನಾಯಿ ಕಂಡ್ರೆ ಒಂದ್ಚೂರೂ ಆಗದೋಳು ಯಾರು ಅಂತ ಕೇಳಿದ್ರೆ ಅದೂ ನಮ್ಮವ್ವನೇ.

ತಟ್ಟೆಗೆ ಹಾಕಿ ಬಾಗಿಲು ಹಾಕ್ಕೊಂಡು ಬಿಡ್ತಾಳೆ. ನಾಯಿ ತಿನ್ನೋದನ್ನ ನಿಂತು ನೋಡಲ್ಲ.

ನನಗೆ ನಾಯಿ ಅಂದ್ರೆ ಪ್ರಾಣ, ನಿಮಗೆ ಗೊತ್ತು. ಈ ಪೇಜಲ್ಲಿ ಅರ್ಧ ಫೋಟೊ ನಾಯಿಗಳದ್ದೇ. ಅದಕ್ಕೇ ಇದನ್ನ ನಾನೇ ಬರೀಬೇಕು ಅನ್ನಿಸ್ತು.

2025ರ ಆಗಸ್ಟ್ ನೆನಪಿದೆಯಾ? 11ನೇ ತಾರೀಖು ಸುಪ್ರೀಂ ಕೋರ್ಟ್ ದೆಹಲಿಯ ಬೀದಿನಾಯಿಗಳನ್ನ ಹಿಡಿದು ಶೆಲ್ಟರ್‌ಗೆ ಹಾಕಿ ಅಂತು. 22ಕ್ಕೆ ಆ ಆದೇಶ ಬದಲಾಯಿಸಿ, ಆಪರೇಷನ್ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಿ, ಹುಚ್ಚು ಹಿಡಿದಿದ್ದನ್ನ, ಮೈಮೇಲೆ ಬೀಳೋದನ್ನ ಮಾತ್ರ ಬಿಡಬೇಡಿ ಅಂತು. ಆ ನಡುವಿನ ದಿನಗಳಲ್ಲಿ ನಮ್ಮ ಕ್ಲಾಸ್ ಗ್ರೂಪ್ ಎರಡು ಹೋಳಾಗಿತ್ತು. ನಾನೂ ಸ್ಟೋರಿ ಹಾಕಿದ್ದೆ, “ನಾಯಿ ಇಷ್ಟ ಇಲ್ಲದವರನ್ನ ನಂಬಬೇಡಿ” ಅಂತ. 140 ಜನ ನೋಡಿದ್ರು. ನಿಮ್ಮಲ್ಲೇ ಸುಮಾರು ಜನ ಹಾರ್ಟ್ ಒತ್ತಿದ್ರಿ.

ಅದೇ ವಾರ ನನ್ನ ತಂಗಿ ಸ್ಕೂಲಿಂದ ಬರ್ತಾ ಒಂದು ಕಂದು ಮರೀನ ಬ್ಯಾಗಲ್ಲಿ ಹಾಕ್ಕೊಂಡು ಬಂದ್ಲು. ಅವ್ವ ಒಳಗಿಂದ ಬಂದು ನೋಡಿದ್ಲು, ಎರಡು ಹೆಜ್ಜೆ ಹಿಂದಕ್ಕೆ ಹೋದ್ಲು. “ಇದು ಹೊಸಿಲು ದಾಟಂಗಿಲ್ಲ” ಅಂದ್ಲು. ನಾನು ಜಗಳಕ್ಕೆ ನಿಂತೆ. ಮಾತಿಗೆ ಮಾತು ಬೆಳೆದು, “ನಿಂಗೆ ಕರುಳೇ ಇಲ್ಲ ಬಿಡವ್ವ” ಅಂದುಬಿಟ್ಟೆ.

ಅವ್ವ ಏನೂ ಅನ್ನಲಿಲ್ಲ. ಒಳಗೆ ಹೋಗಿ ರೊಟ್ಟಿ ತಟ್ಟೋಕೆ ಕೂತ್ಲು.

(2)
ಅದೇ ತಿಂಗಳು ದಾವಣಗೆರೆಯ ಒಂದು ಮಗು ರೇಬೀಸ್‌ನಿಂದ ಹೋಯ್ತು. ನಾಲ್ಕು ವರ್ಷ. ನಾಯಿ ಕಚ್ಚಿದ್ದು ಏಪ್ರಿಲ್‌ನಲ್ಲಿ. ಟಿವಿಯಲ್ಲಿ ಸುದ್ದಿ ಬರ್ತಿತ್ತು. ಅವ್ವ ಜೋಳದ ತೆನೆ ಬಿಡಿಸ್ತಾ ಕೂತಿದ್ಲು. ಕೈ ನಿಲ್ಲಿಸದೇನೇ ಹೇಳೋಕೆ ಶುರು ಮಾಡಿದ್ಲು, ನನ್ನ ಕಡೆ ನೋಡದೇನೇ.

ಅವಳ ತವರು ಚಿತ್ರದುರ್ಗದ ಕಡೆ ಒಂದು ಸಣ್ಣ ಹಳ್ಳಿ. 1992, ಅವಳು ಏಳನೇ ಕ್ಲಾಸು. ಆಗ ಏಳಕ್ಕೇ ಪಬ್ಲಿಕ್ ಪರೀಕ್ಷೆ ಇತ್ತು. ಪರೀಕ್ಷೆಗೆ ಇನ್ನೂ ಹದಿನೈದು ದಿನ ಇಲ್ಲ. ಅಜ್ಜಿ ಮಜ್ಜಿಗೆ ಇಸ್ಕೊಂಡು ಬಾ ಅಂತ ಪಕ್ಕದ ಕೇರಿಯ ಒಂದು ಮನೆಗೆ ಕಳಿಸಿದ್ಲಂತೆ. ಆ ಮನೇಲಿ ಸಾಕಿದ ನಾಯಿ ಇತ್ತು. ಅವ್ವ ಬಾಗಿಲಲ್ಲೇ ನಿಂತ್ಲು. ಒಳಗಿಂದ ಮನೆಯಾಕೆ ಕೂಗಿದ್ಲು, “ಏನೂ ಮಾಡಲ್ಲ, ಬಾ.”

ಮೀನಖಂಡ ಹಿಡಿದಿತ್ತು. ಅಜ್ಜಿ ಸುಣ್ಣ, ಖಾರದಪುಡಿ ಕಲಸಿ ಮೆತ್ತಿದ್ಲು. ಮೂರನೇ ದಿನಕ್ಕೆ ಆ ನಾಯಿ ಊರಲ್ಲೇ ಕಾಣಲಿಲ್ಲ. ಬದುಕಿದ್ಯೋ ಸತ್ತಿದ್ಯೋ ಗೊತ್ತಾಗದಿದ್ರೆ ಹೊಟ್ಟೆಗೆ ಹಾಕೋ ಸೂಜಿ ಪೂರ್ತಿ ಹಾಕಿಸ್ಲೇಬೇಕು ಅಂದ್ರಂತೆ. ಹದಿನಾಲ್ಕು. ಹೊಕ್ಕಳ ಸುತ್ತ, ದಿನಕ್ಕೊಂದು. ದಿನಾ ದುರ್ಗಕ್ಕೆ ಬಸ್ಸು, ಜೊತೆಗೆ ಅಜ್ಜ, ಅಷ್ಟೂ ದಿನದ ಅಜ್ಜನ ಕೂಲಿ ಖೋತಾ. ನಾಲ್ಕನೇದಕ್ಕೆ ಹೊಟ್ಟೆ ಊದ್ಕೊಂಡು ಲಂಗದ ಲಾಡಿ ಕಟ್ಟೋಕಾಗ್ತಿರಲಿಲ್ಲವಂತೆ.

(ಈ ಹಳೇ ಲಸಿಕೇನ ಕುರಿಯ ಮಿದುಳಿಂದ ಮಾಡ್ತಿದ್ರು. ನಮ್ಮ ದೇಶದಲ್ಲಿ ಅದರ ತಯಾರಿ ನಿಂತಿದ್ದು 2004ರ ಕೊನೆಗೆ. ಅಂದ್ರೆ ನಿಮ್ಮಪ್ಪ ಅಮ್ಮನ ವಯಸ್ಸಿನವರಲ್ಲಿ ನಾಯಿ ಕಚ್ಚಿಸ್ಕೊಂಡವರನ್ನ ಕೇಳಿ ನೋಡಿ. “ಹೊಕ್ಕಳಿಗೆ” ಅನ್ನುವಾಗ ಕೈ ಹೊಟ್ಟೆ ಮೇಲೆ ಹೋಗುತ್ತೆ.)

ಪರೀಕ್ಷೆಯ ದಿನ ಅವ್ವ ಬಸ್ಸಲ್ಲಿದ್ಲು. “ಗಣಿತದಾಗೆ ನಾನೇ ಫಸ್ಟ್ ಇದ್ದೆ ಕಣೋ ತಮ್ಮ” ಅಂದ್ಲು. ಮುಂದಿನ ವರ್ಷ ಕೂರಿಸ್ತೀನಿ ಅಂದಿದ್ದನಂತೆ ಅಜ್ಜ. ಆ ವರ್ಷ ಬಸ್ ಚಾರ್ಜಿಗೆ ಮಾಡಿದ ಸಾಲ ಇತ್ತು, ಆಮೇಲೆ ತಮ್ಮಂದಿರ ಸ್ಕೂಲಿತ್ತು, ಆಮೇಲೆ ಮದುವೆ.

“ಕಚ್ಚಿದ್ದು ವಾಸಿ ಆತು” ಅಂದ್ಲು ಅವ್ವ. ಅಷ್ಟೇ. ತೆನೆ ಬಿಡಿಸೋದು ಮುಂದುವರೀತು.

ನಾನು ಸ್ಟೋರಿ ಡಿಲೀಟ್ ಮಾಡೋಕೆ ಹೋದೆ. 24 ಗಂಟೆ ಆಗಿತ್ತು, ಅದಾಗ್ಲೇ ಹೋಗಿತ್ತು.

(3)
ಆಮೇಲೆ ನಿಮ್ಮನ್ನೇ ಕೇಳಿದ್ದೆ, ನಿಮ್ಮನೇಲಿ ಯಾರಿಗಾದ್ರೂ ನಾಯಿ ಆಗಲ್ವಾ, ಯಾಕೆ ಅಂತ. ಬಂದ ಉತ್ತರಗಳಲ್ಲಿ “ನಾಯಿ ಕೆಟ್ಟದ್ದು” ಅಂತ ಒಬ್ಬರೂ ಬರೆದಿರಲಿಲ್ಲ.

ಒಬ್ಬಳ ಮನೆ ದಾವಣಗೆರೆಯಲ್ಲಿ ಬಾಡಿಗೆದು. ಓನರ್ ನಾಯಿ ಮೆಟ್ಟಿಲ ಬುಡದಲ್ಲೇ ಮಲಗುತ್ತೆ. ದಿನಾ ಕಾಲೇಜಿಂದ ಬಂದು ಗೇಟ್ ಹತ್ರ ನಿಂತು ಫೋನ್ ಮಾಡಬೇಕು, ಯಾರಾದ್ರೂ ಹಿಡ್ಕೊಳ್ಳಿ ಅಂತ. ತಾನೇ ಬಾಡಿಗೆ ಕೊಡೋ ಮನೆಗೆ ಹೋಗೋಕೆ. ಇನ್ನೊಬ್ಬನ ತಮ್ಮನಿಗೆ ಉಬ್ಬಸ, ಕೂದಲು ಆಗಲ್ಲ. ಮತ್ತೊಬ್ಬನ ಅಪ್ಪ ಬೆಳಗಿನ ಜಾವ ಮಂಡಕ್ಕಿ ಭಟ್ಟಿಗೆ ಸೈಕಲ್ಲಲ್ಲಿ ಹೋಗ್ತಾರೆ. ಜೇಬಲ್ಲಿ ಎರಡು ಕಲ್ಲು ಇಟ್ಕೊಂಡೇ ಮನೆ ಬಿಡ್ತಾರಂತೆ. ಹೊಡೆಯಲ್ಲ, ಬಗ್ಗಿದಂಗೆ ಮಾಡ್ತಾರೆ. ಹೊತ್ತು ಹುಟ್ಟಿದ ಮೇಲೆ ಬೀದಿಗೆ ಇಳಿಯೋ ನಮಗೆ ಆ ನಾಲ್ಕು ಗಂಟೆಯ ನಾಯಿ ಪರಿಚಯವೇ ಇಲ್ಲ. ಒಂದು ಹುಡುಗಿ ಒಂದೇ ಸಾಲು ಬರೆದಿದ್ಲು, “ನೆಕ್ಕಿದ್ರೆ ಅಸಹ್ಯ ಆಗುತ್ತೆ, ಅದಕ್ಕೂ ಕಾರಣ ಬೇಕಾ?” ಬೇಡ ಮಾರಾಯ್ತಿ. ಬೇಡ.

ದೇವರ ಕೋಣೆ, ಮಡಿ ಅಂದವರೂ ಇದ್ರು. ನಾವು ಇದನ್ನ ಮೂಢನಂಬಿಕೆ ಅಂತ ಬೇಗ ತಳ್ಳಿಬಿಡ್ತೀವಿ. ಆದ್ರೆ ನಮ್ಮ ಕಡೆ ನಾಯಿಗೆ ಮರ್ಯಾದೆ ಇಲ್ಲ ಅಂತೀರಾ? ಮೈಲಾರಲಿಂಗನ ಗೊರವಯ್ಯ ಮನೆ ಮುಂದೆ ಬಂದಾಗ ನೋಡಿ. ಕರಿ ಕಂಬಳಿ, ಕರಡಿ ಕೂದಲ ಟೋಪಿ, ಕೈಯಲ್ಲಿ ಡಮರುಗ. ದೋಣಿಗೆ ಹಾಲು, ಬಾಳೆಹಣ್ಣು ಹಾಕಿದ್ರೆ ಗೊರವರು ನಾಯಿ ಥರ ಬೊಗಳಿ, ಬಗ್ಗಿ ಬಾಯಲ್ಲೇ ತಿಂತಾರೆ, ದೇವರ ನಾಯಿ ತಾವು ಅಂತ. ನಮ್ಮಜ್ಜಿ ಅವರಿಗೆ ಕೈ ಮುಗೀತಾಳೆ. ಅದೇ ಅಜ್ಜಿ ನಿಜವಾದ ನಾಯಿ ಒಳಗೆ ಬಂದ್ರೆ ಪೊರಕೆ ತಗೋತಾಳೆ. ಅಜ್ಜಿಗೆ ಇದರಲ್ಲಿ ಗೊಂದಲ ಏನಿಲ್ಲ. ನಾಯಿಗೆ ಅನ್ನ ಐತೆ, ಕೆಲಸ ಐತೆ, ಹೊಸಿಲಾಚೆ ಜಾಗ ಐತೆ. ಕುರಿಹಟ್ಟಿ ಕಾಯುತ್ತೆ, ಕಣ ಕಾಯುತ್ತೆ. ಹಾಸಿಗೆ ಮೇಲೆ ಮಲಗೋ ನಾಯಿ ಅವಳ ಪಾಲಿಗೆ ಹೊಸದು.

ಕಲ್ಲು ಹೊಡೆಯೋರು, ವಿಷ ಇಡೋರ ಪರ ನಾನು ಮಾತಾಡ್ತಿಲ್ಲ, ಅದು ಬೇರೆ. ಆದ್ರೆ ಹೆದರೋರನ್ನ, ಬೇಡ ಅನ್ನೋರನ್ನ ಅದೇ ಸಾಲಿಗೆ ಸೇರಿಸೋದು ನಾನೇ ಮಾಡಿದ ತಪ್ಪು. ನಾಯಿ ಸಾಕೋರು “ಏನೂ ಮಾಡಲ್ಲ, ಬಾ” ಅನ್ನೋದು ತಮ್ಮ ನಾಯಿ ತಮಗೆ ಗೊತ್ತು ಅಂತ. ಬಾಗಿಲಲ್ಲಿ ನಿಂತೋರಿಗೆ ಏನು ಗೊತ್ತಿದೆ ಅಂತ ಯಾರೂ ಕೇಳಲ್ಲ.

(4)
ಮರಿ ಎಲ್ಲಿ ಅಂತ ಕೇಳ್ತಿದ್ರಿ. ದೊಡ್ಡಪ್ಪನ ಅಡಿಕೆ ತೋಟದಲ್ಲಿದೆ, ಈಗ ಮರಿ ಅಲ್ಲ. ತಂಗಿ ಎರಡು ದಿನ ಊಟ ಬಿಟ್ಲು, ಈಗ ಭಾನುವಾರ ಹೋಗಿ ನೋಡ್ಕೊಂಡು ಬರ್ತಾಳೆ. ಅವ್ವ ಒಂದೇ ಒಂದು ಸಲ ವಿಚಾರಿಸಿದ್ದು: “ಅದಕ್ಕೆ ಸೂಜಿ ಹಾಕ್ಸಿದ್ರಾ?” ಹಾಕ್ಸಿದ್ವಿ.

ಮನುಷ್ಯರ ಸೂಜಿ ಬಗ್ಗೆನೂ ಹೇಳಿಬಿಡ್ತೀನಿ, ಯಾಕಂದ್ರೆ ಕಾಮೆಂಟಲ್ಲಿ ಒಬ್ಬ ಇವತ್ತಿಗೂ ಸುಣ್ಣ ಅಂತಿದ್ದ. ಸುಣ್ಣ, ಖಾರದಪುಡಿ, ಕಾಫಿಪುಡಿ ಯಾವುದೂ ಬೇಡ. ನಲ್ಲಿ ಕೆಳಗೆ ಸೋಪು ಹಾಕಿ 15 ನಿಮಿಷ ತೊಳೀರಿ, ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಈಗ ಹೊಟ್ಟೆಗಲ್ಲ, ತೋಳಿಗೆ, ಹದಿನಾಲ್ಕೂ ಅಲ್ಲ. ಡಾಕ್ಟರ್ ಹೇಳಿದ ತಾರೀಖು ಒಂದೂ ತಪ್ಪಿಸಬೇಡಿ. ಗಾಯ ಆಳ ಇದ್ರೆ ಗಾಯಕ್ಕೇ ಹಾಕೋ ಇನ್ನೊಂದು ಔಷಧಿ ಇರುತ್ತೆ, ಅದನ್ನ ಬಾಯಿಬಿಟ್ಟು ಕೇಳಿ. ಸಾಕಿದ ನಾಯಿ ಕಚ್ಚಿದ್ರೂ ಇದೇ, ಮರಿ ಪರಚಿದ್ರೂ ಡಾಕ್ಟರಿಗೆ ತೋರಿಸಿ.

ಹೋದ ವಾರ ಅವ್ವನಿಗೆ ದಾವಣಗೆರೆಯಲ್ಲಿ ಕಣ್ಣು ತೋರಿಸೋದಿತ್ತು. ಗೆಳೆಯ ಒಬ್ಬ ಮಧ್ಯಾಹ್ನ ನಮ್ಮನೇಲೇ ಊಟ, ಅಮ್ಮನ್ನ ಕರ್ಕೊಂಡು ಬಾ ಅಂದಿದ್ದ. ಅವನ ಲ್ಯಾಬ್ರಡಾರ್ ಗೊತ್ತಲ್ಲ, ನಾನೇ ಹತ್ತು ರೀಲ್ಸ್ ಮಾಡಿದೀನಿ. ಅವ್ವ ಬರ್ತಿದ್ದಾಳೆ, ನಾಯಿ ಕಟ್ಟಿರು ಅಂತ ಮೆಸೇಜ್ ಹಾಕಿದೆ.

“ಏ ಅದು ಏನೂ ಮಾಡಲ್ಲ ಬಾರೋ” ಅಂತ ಬಂತು. ಜೊತೆಗೆ ನಗೋ ಎಮೋಜಿ.

ನಾನು ಭಾಗ (2)ನ್ನ, ಆಗಿನ್ನೂ ಪೋಸ್ಟ್ ಮಾಡಿರಲಿಲ್ಲ, ಹಾಗೇ ಕಳಿಸಿದೆ. ಬ್ಲೂ ಟಿಕ್ ಬಂತು. ಸ್ವಲ್ಪ ಹೊತ್ತು ಏನೂ ಇಲ್ಲ.

ಆಮೇಲೆ, “ಮೇಲಿನ ರೂಮಲ್ಲಿ ಹಾಕಿ ಚಿಲಕ ಹಾಕಿರ್ತೀನಿ. ಅಮ್ಮಂಗೆ ಬದನೆಕಾಯಿ ಪಲ್ಯ ಆಗುತ್ತಾ?”

#ಆನಗೋಡು #ದಾವಣಗೆರೆ #ಅವ್ವ